ಟೀಸ್ ಪದದ ಮೂಲ ಮತ್ತು ಚೀಟಿಯಜ್ಜ

ನಿಘಂಟು ಕಚೇರಿಯ ಹಿರಿಯ ಪದಸಂಗ್ರಾಹಕರು ಕಣ್ಣಾರೆ ಕಾಣದ ಯಾವುದನ್ನೂ ನಂಬುತ್ತಿರಲಿಲ್ಲ. ಹೊರಗೆ ಮಳೆಯೇ ಎಂದು ಕೇಳಿದರೂ ಕಿಟಕಿಯ ತನಕ ಹೋಗಿ, ಕೈ ಹೊರಚಾಚಿ, ಅಂಗೈ ಒದ್ದೆಯಾದ ಮೇಲಷ್ಟೇ "ಬರ್ತಾ ಇರೋ ಹಾಗಿದೆ" ಎನ್ನುತ್ತಿದ್ದರು. ಬೂದುಬಣ್ಣದ ಹಳೆಯ ಕೋಟು, ಅದರ ನಾಲ್ಕೂ ಜೇಬುಗಳಲ್ಲಿ ಪದಗಳ ಚೀಟಿ, ಎಡಜೇಬಿನ ಭಾರಕ್ಕೆ ಎಡಕ್ಕೇ ವಾಲಿದ ನಡಿಗೆ. ಅವರಿಗೆ 'ಚೀಟಿಯಜ್ಜ' ಎಂದು ಹೆಸರಿಟ್ಟವನು ಎದುರು ಮೇಜಿನ ಉಪಸಂಪಾದಕ. ಬುದ್ಧಿವಂತ, ಮಾತಿನಮಲ್ಲ, ದಿನಕ್ಕೆ ಒಬ್ಬರನ್ನಾದರೂ ಗೋಳುಹೊಯ್ದುಕೊಳ್ಳದಿದ್ದರೆ ತಿಂದದ್ದು ಅರಗದವನು. ಅಜ್ಜ ಕೈಗೆಟುಕುವಷ್ಟು ಹತ್ತಿರವೇ ಕೂತಿದ್ದರು.

ಪದವೊಂದರ ಅರ್ಥವೋ ಮೂಲವೋ ಎಲ್ಲಿಯಾದರೂ ಕಂಡರೆ, ಪುಸ್ತಕದ ಹೆಸರು, ಪುಟದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಜ್ಜನ ಪೆಟ್ಟಿಗೆಗೆ ಹಾಕುವುದು ಆ ಕಚೇರಿಯ ಪದ್ಧತಿ. ಅಜ್ಜ ಆ ಪುಸ್ತಕವನ್ನು ಹುಡುಕಿ ತೆಗೆದು, ಪುಟದ ಮೇಲೆ ಬೆರಳಿಟ್ಟು ಓದಿ, ಆಮೇಲೆ ಸಹಿ ಹಾಕುವರು. ಇಂಗ್ಲಿಷಿನ 'ಟೀಸ್' ಪದದ ಸರದಿ ಬಂದಾಗ ಉಪಸಂಪಾದಕನಿಗೆ ಕೈ ಕಡಿಯತೊಡಗಿತು. ಯಾವುದೋ ಅರಮನೆಯಲ್ಲಿ ಆ ಹೆಸರಿನ ವಿದೂಷಕನೊಬ್ಬನಿದ್ದ, ಛೇಡಿಸುವುದಕ್ಕೆ ಅವನ ಹೆಸರೇ ನಿಂತುಬಿಟ್ಟಿತು ಎಂದು ಒಂದು ಚೀಟಿ ಗೀಚಿ, ಬೈಂಡಿಂಗಿಗೆ ಹೋಗಿದ್ದ ಪುಸ್ತಕವೊಂದರ ಹೆಸರು ಬರೆದು ಪೆಟ್ಟಿಗೆಗೆ ಹಾಕಿದ. ಅಜ್ಜ ಕಪಾಟು ಹುಡುಕಿ ಬರಿಗೈಯಲ್ಲಿ ಬಂದರು.

"ಪುಸ್ತಕ ಸಿಗ್ತಿಲ್ಲ. ನೀವು ನೋಡಿದ್ದೀರಾ?"

"ಕಣ್ಣಾರೆ ನೋಡಿದ್ದೀನಿ ಅಜ್ಜ. ನನ್ ಮೇಲೂ ಅನುಮಾನಾನಾ?"

ಅವರು ಅವನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದರು.

ನಿಘಂಟಿನ ಆ ಹಾಳೆ ಅಚ್ಚಿಗೆ ಹೋಗುವ ಮುಂಚೆ ನಗುತ್ತ ನಿಜ ಹೇಳಿಬಿಡುವುದು ಅವನ ಯೋಚನೆಯಾಗಿತ್ತು. ಅಷ್ಟರಲ್ಲಿ ತಂಗಿಯ ಹೆರಿಗೆಯೆಂದು ನಾಲ್ಕು ದಿನ ರಜೆ ಹಾಕಿದ, ಸೋದರಳಿಯನನ್ನು ಎತ್ತಿಕೊಂಡ ಸಂಭ್ರಮದಲ್ಲಿ ಎಲ್ಲವನ್ನೂ ಮರೆತ. ಹಿಂತಿರುಗುವಷ್ಟರಲ್ಲಿ ಹಾಳೆ ಅಚ್ಚಾಗಿ ವಿದ್ವಾಂಸರ ಕೈ ಸೇರಿತ್ತು. ನಿಘಂಟಿನ ಸಭೆಯಲ್ಲಿ ಅವರಲ್ಲೊಬ್ಬರು ಅದನ್ನು ಗಟ್ಟಿಯಾಗಿ ಓದಿ, "ಯಾವ ಅರಮನೆ ಸ್ವಾಮಿ ಇದು?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜ ಎದ್ದು ನಿಂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ತಮ್ಮ ಸಾಲಿನ ಕುರ್ಚಿಗಳತ್ತ ನೋಡುತ್ತ ನಿಂತರು. ಕೊನೆಗೆ, "ಮೂಲ ನಾನು ನೋಡ್ಲಿಲ್ಲ. ತಪ್ಪು ನನ್ನದೇ" ಎಂದರು. ಉಪಸಂಪಾದಕ ಎರಡು ಕುರ್ಚಿಗಳಾಚೆ ತಲೆ ತಗ್ಗಿಸಿ ಕೂತಿದ್ದ.

ಇಪ್ಪತ್ತಾರು ವರ್ಷ ಪದಮೂಲಗಳನ್ನು ಬರೆದ ಅಜ್ಜನ ಕೈಗೆ ಮರುದಿನದಿಂದ ಪುಟಸಂಖ್ಯೆ ಸರಿನೋಡುವ ಕೆಲಸ ಬಂತು, ಕೂರಲು ಹಿಂದಿನ ಕೋಣೆ. 'ಟೀಸ್' ತಿದ್ದುವ ಕೆಲಸ, ನೋಡಿ, ಉಪಸಂಪಾದಕನ ಪಾಲಿಗೇ ಬಿತ್ತು. ಜನ್ಮದಲ್ಲಿ ಮೊದಲ ಸಲ ಅವನು ನಾಲ್ಕು ದಪ್ಪ ಗ್ರಂಥಗಳನ್ನು ಮುಂದಿಟ್ಟುಕೊಂಡು ಬೆರಳಿಟ್ಟು ಓದಿದ. ಆ ಪದಕ್ಕೆ ಮೊದಲಿದ್ದ ಅರ್ಥ ಉಣ್ಣೆಯನ್ನೋ ನಾರನ್ನೋ ಎಳೆ ಎಳೆಯಾಗಿ ಕಿತ್ತು ಹಿಂಜುವುದು. ಅದು ಮನುಷ್ಯರನ್ನು ಕಾಡುವುದಕ್ಕೆ ಬಂದದ್ದು ನೂರಾರು ವರ್ಷಗಳ ತರುವಾಯ. ತಮಾಷೆ ಅದಕ್ಕೆ ಸೇರಿಕೊಂಡದ್ದು ಇನ್ನೂ ಆಮೇಲೆ. ತಾನು ಅಜ್ಜನನ್ನು ಹಿಂಜಿದ್ದೂ ಹೀಗೆಯೇ ಎಂದು ಓದುತ್ತಿದ್ದಂತೆ ಅವನಿಗೆ ಹೊಳೆಯಿತು. ತನ್ನ ಬಗ್ಗೆ ತನಗೇ ಹೇಸಿಗೆಯೆನಿಸಿ, ಎದ್ದು ಹಿಂದಿನ ಕೋಣೆಗೆ ಹೋದ.

"ನನ್ ಹೆಸರು ಯಾಕೆ ಹೇಳ್ಲಿಲ್ಲ ಅಜ್ಜ?"

ಅವರು ಪುಟದಿಂದ ಬೆರಳು ತೆಗೆಯದೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ನೀವು ಅಲ್ಲೇ ಇದ್ರಲ್ಲ. ನೀವೇ ಹೇಳ್ತೀರಿ ಅಂತ ಕಾದೆ."

ಅವನು ಆಗಲೇ ಪ್ರಧಾನ ಸಂಪಾದಕರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಅಜ್ಜನಿಗೆ ಹಳೆಯ ಮೇಜು ಮರಳಿ ದೊರೆಯಿತು. ಆದರೆ ಅಂದಿನಿಂದ, ಅವನು 'ಕಣ್ಣಾರೆ ನೋಡಿದ್ದೀನಿ' ಎಂದು ಎಷ್ಟು ಹೇಳಿದರೂ, ಅವನ ಪ್ರತಿಯೊಂದು ಚೀಟಿಗೂ ಅವರು ಎದ್ದು ಹೋಗಿ ಪುಸ್ತಕ ತೆಗೆದು ನೋಡುತ್ತಿದ್ದರು.

ಪ್ರತಿಯೊಂದಕ್ಕೂ ಆಧಾರ ಕೇಳುವ ಇಂಥವರನ್ನು ಸಂಶಯದ ಪ್ರಾಣಿಗಳೆಂದು ನಾವು ನಗುತ್ತೇವೆ. ಆದರೆ ಅವರು ಒಬ್ಬರನ್ನು ನಂಬಿದರೆ ಪೂರ್ತಿ ನಂಬುತ್ತಾರೆ, ಆ ನಂಬಿಕೆಗೆ ಪೆಟ್ಟು ಬಿದ್ದ ಮೇಲೂ ಎದ್ದು ನಿಂತು ನಮಗಾಗಿ ಕಾಯುತ್ತಾರೆ. ಆ ಹೊತ್ತಿನಲ್ಲಿ ಬಾಯಿ ತೆರೆಯದವರು ಆಮೇಲೆ ಎಷ್ಟು ಸಲ ಕ್ಷಮೆ ಕೇಳಿದರೂ, ಇಂಥವರು ಕ್ಷಮಿಸಿಬಿಡುತ್ತಾರೆಯೇ ಹೊರತು ಮತ್ತೊಮ್ಮೆ ಕಾಯುವುದಿಲ್ಲ.