ಅಪ್ಪನ ಕಂಪ್ಯೂಟರಿಗೆ ಇಬ್ಬರು ಡಾಕ್ಟರು

ಅಪ್ಪನ ಫೋನು ಬಂದಾಗ ಮಗಳು ಆಸ್ಪತ್ರೆಯ ನೋಂದಣಿ ಕೌಂಟರಿನ ಕೆಳಗೆ ಮಂಡಿಯೂರಿ ಸಡಿಲವಾದ ಕೇಬಲ್ಲು ಹುಡುಕುತ್ತಿದ್ದಳು. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದೇ ಅವಳ ಉದ್ಯೋಗ.

"ಆನ್ ಮಾಡಿದ ತಕ್ಷಣ ಎರಡು ಸಾಲಿನ ಪಟ್ಟಿ ಬರ್ತಿತ್ತಲ್ಲ, ಲಿನಕ್ಸ್ ಬೇಕಾ ವಿಂಡೋಸ್ ಬೇಕಾ ಅಂತ? ಅದು ಬರ್ತಾನೇ ಇಲ್ಲ ಕಣೇ. ಸೀದಾ ವಿಂಡೋಸೇ ಶುರುವಾಗುತ್ತೆ. ನನ್ನ ಡ್ರಾಯಿಂಗೆಲ್ಲ ಲಿನಕ್ಸಲ್ಲಿತ್ತು. ಎಲ್ಲಾ ಹೋಯ್ತಾ?"

"ಗಾಬರಿಯಾಗ್ಬೇಡಪ್ಪ. ಯಾವುದೋ ಅಪ್‌ಡೇಟ್ ಬಂದು ಪಟ್ಟಿ ಹಾರಿಸಿರುತ್ತೆ. ಮಧ್ಯಾಹ್ನ ನಾನೇ ಬರ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಪ್ಪ ಸೊಸೆಯನ್ನಲ್ಲ, ತನ್ನನ್ನು ಕರೆದಿದ್ದಾನೆ! ಪಟ್ಟಿಯನ್ನು ಹಾರಿಸಿದ್ದು ಮಾತ್ರ ಯಾವ ಅಪ್‌ಡೇಟೂ ಅಲ್ಲ, ಈ ಮಹಾತಾಯಿಯೇ.

ಅಪ್ಪ ನಲವತ್ತು ವರ್ಷ ಉಡುಪು ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಬಟ್ಟೆ ಕತ್ತರಿಸಲು ಬಳಸುತ್ತಿದ್ದ ಕಂದು ಕಾಗದದ ಹಳೆಯ ಅಂಗಿ ಅಳತೆಯ ಅಚ್ಚುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸತೊಡಗಿದ್ದ. ಏನೇ ಕೆಟ್ಟರೂ "ನಮ್ಮ ಮನೆ ಡಾಕ್ಟರಿದ್ದಾಳೆ" ಎಂದು ಮಗಳಿಗೆ ಫೋನು. ಆದರೆ ಆ ಅಚ್ಚುಗಳನ್ನು ಮುದ್ರಿಸುವ ಅಗಲದ ಹಳೆಯ ಪ್ರಿಂಟರು ವಿಂಡೋಸಿನಲ್ಲಿ ಓಡದೆ ನಿಂತಾಗ ಡಾಕ್ಟರು ಮೂಗು ಮುರಿದು, "ಇದರ ಕಾಲ ಮುಗೀತಪ್ಪ, ಗುಜರಿಗೆ ಹಾಕು" ಎಂದುಬಿಟ್ಟಿದ್ದಳು. ಆಮೇಲೆ ತಮ್ಮನ ಮದುವೆಯಾಯಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವನ ಹೆಂಡತಿ, ಬಂದ ತಿಂಗಳೊಪ್ಪತ್ತಿನಲ್ಲೇ ಅದೇ ಕಂಪ್ಯೂಟರಿನಲ್ಲಿ ವಿಂಡೋಸಿನ ಪಕ್ಕ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಕೂರಿಸಿದಳು. ಸತ್ತೇಹೋಗಿದೆ ಎಂದುಕೊಂಡಿದ್ದ ಪ್ರಿಂಟರು ಕೆಮ್ಮಿ ಕ್ಯಾಕರಿಸಿ ಒಂದು ಅಂಗಿಯ ತೋಳನ್ನು ಅಚ್ಚು ಹಾಕಿತು. ಅಪ್ಪ ಆ ಸುದ್ದಿಯನ್ನು ಮಗಳಿಗೇ ಮೂರು ಸಲ ಹೇಳಿದ. ಮೂರು ಸಲವೂ ಅವಳು "ಹೌದಾ, ಒಳ್ಳೇದಾಯ್ತು" ಎಂದಳು. ಅವತ್ತಿನಿಂದ ಮೂರು ತಿಂಗಳು ಕೆಲಸದ ನೆಪ ಹೇಳಿಕೊಂಡು ಆ ಕಡೆ ತಲೆ ಹಾಕಲಿಲ್ಲ.

ಕೊನೆಗೂ ಹೋದದ್ದು ಹೋದ ಭಾನುವಾರ. ಹೋದರೆ ಏನು ನೋಡುವುದು? ಮಾವ ಸೊಸೆ ಇಬ್ಬರೂ ಪರದೆಯ ಮುಂದೆ ತಲೆಗೆ ತಲೆ ತಾಗಿಸಿಕೊಂಡು ಕಾಲರಿನ ಬಾಗು ತಿದ್ದುತ್ತಿದ್ದರು. ಬಂದವಳಿಗೆ "ಬಾ, ಕೂತ್ಕೋ" ಎಂದ ಅಪ್ಪ ಮತ್ತೆ ಪರದೆಗೆ ತಿರುಗಿದ. ಊಟವಾದ ಮೇಲೆ ಎಲ್ಲರೂ ಹಜಾರದಲ್ಲಿದ್ದಾಗ ಅವಳು ಒಬ್ಬಳೇ ಆ ಕೋಣೆಗೆ ಹೋದಳು. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಸೆಟ್ಟಿಂಗು ಯಂತ್ರದೊಳಗೇ ಇರುತ್ತದೆ. ಅದನ್ನು ತೆರೆದು ಮೇಲಿದ್ದ ಲಿನಕ್ಸನ್ನು ವಿಂಡೋಸಿನ ಕೆಳಕ್ಕೆ ತಳ್ಳಿದಳು. ನಾಲ್ಕು ಗುಂಡಿ ಒತ್ತುವ ಕೆಲಸ, ಎರಡು ಸಾಲಿನ ಪಟ್ಟಿ ಮಾಯ. ಏನೂ ಅಳಿಸಿಲ್ಲವಲ್ಲ, ನಾನೇನು ಅಷ್ಟು ಕೆಟ್ಟವಳೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಇವತ್ತು ಮಧ್ಯಾಹ್ನ ಬಾಗಿಲು ದಾಟಿದವಳು ಅಲ್ಲೇ ನಿಂತಳು. ನೆಲದ ತುಂಬ ಕಂದು ಕಾಗದ. ಅಟ್ಟದಿಂದ ಹಳೆಯ ಕಟ್ಟುಗಳನ್ನೆಲ್ಲ ಇಳಿಸಿಕೊಂಡು, ಅಪ್ಪ ಅಳತೆ ಟೇಪು ಹಿಡಿದು ಮೊದಲಿನಿಂದ ಶುರು ಮಾಡಿದ್ದ.

"ಮೂವತ್ತಾರು ಅಂಗಿ ಮುಗಿಸಿದ್ದೆ ಕಣೇ" ಎಂದ.

ಅವಳಿಗೆ ಚುರುಕ್ಕೆಂದಿತು. ಆದರೂ ಸುಮ್ಮನೆ ನಾಲ್ಕು ಗುಂಡಿ ಒತ್ತಿ ಎದ್ದರೆ ಡಾಕ್ಟರಿಗೆ ಏನು ಬೆಲೆ? ಪೆನ್‌ಡ್ರೈವ್ ಚುಚ್ಚಿದಳು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸಾಲುಸಾಲಾಗಿ ಓಡಿಸಿದಳು, ಹುಬ್ಬು ಗಂಟಿಕ್ಕಿದಳು. ಅರ್ಧ ಗಂಟೆ ಹೀಗೆ ನಾಟಕ ನಡೆದಿರುವಾಗ ತಮ್ಮನ ಹೆಂಡತಿ ಕೆಲಸದಿಂದ ಬಂದು ಹಿಂದೆ ನಿಂತಳು.

"ಏನಾಗಿದೆ ಅತ್ತಿಗೆ?"

"ಅಪ್‌ಡೇಟ್ ಆಗಿ ಪಟ್ಟಿ ಹೋಗಿದೆ. ಎರಡೆರಡು ಒಟ್ಟಿಗೆ ಹಾಕಿದ್ರೆ ಇದೇ ಗೋಳು" ಎಂದಳು ಕೊಂಕಾಗಿ.

"ಅಪ್‌ಡೇಟಾ? ರೂಟರ್ ಕೆಟ್ಟು ಹತ್ತು ದಿನ ಆಯ್ತಲ್ಲ. ನೆಟ್ಟೇ ಇಲ್ಲ ಮನೇಲಿ."

ಕೇಳಿದವಳ ದನಿಯಲ್ಲಿ ಯಾವ ಕುಹಕವೂ ಇರಲಿಲ್ಲ. ಅತ್ತಿಗೆಯ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ತಟ್ಟನೆ ಮಾವನ ಕಡೆ ತಿರುಗಿದಳು.

"ಅಯ್ಯೋ ಮಾವ, ನಾನೇ ಇರಬೇಕು! ಮೊನ್ನೆ ಸೆಟ್ಟಿಂಗ್ ನೋಡೋಕೆ ಹೋಗಿ ಕೈತಪ್ಪಿ ಏನೋ ಒತ್ತಿಬಿಟ್ಟೆ ಅನ್ಸುತ್ತೆ. ನಿಮ್ಮ ಡ್ರಾಯಿಂಗ್ ಎಲ್ಲೂ ಹೋಗಿರಲ್ಲ, ಅತ್ತಿಗೆ ತೆಗೆದುಕೊಡ್ತಾರೆ."

ಅಷ್ಟರಲ್ಲಿ ಮಗಳ ಬೆರಳು ಆ ನಾಲ್ಕು ಗುಂಡಿ ಒತ್ತಿಯಾಗಿತ್ತು. ಯಂತ್ರ ಮತ್ತೆ ಶುರುವಾಯಿತು, ಎರಡು ಸಾಲಿನ ಪಟ್ಟಿ ಬಂತು, ಮೂವತ್ತಾರು ಅಂಗಿಗಳೂ ಇದ್ದವು.

ಅಪ್ಪನಿಗೆ ಹೋದ ಜೀವ ಬಂತು. "ನೋಡಿದ್ಯೇನಮ್ಮಾ!" ಎಂದು ಸೊಸೆಗೆ ಹೇಳಿದ. "ನೀನು ಕೆಡಿಸಿದ್ದನ್ನ ಸರಿಮಾಡೋಕೆ ಕೊನೆಗೆ ನನ್ನ ಮಗಳೇ ಬರಬೇಕಾಯ್ತು."

ಈ ಮಾತಿಗಾಗಿ ಮಗಳು ತಿಂಗಳುಗಟ್ಟಲೆ ಕಾದಿದ್ದಳು. ಬಂದಾಗ ಅವಳು ತಿರುಗಿ ನೋಡಿದ್ದು ತಮ್ಮನ ಹೆಂಡತಿಯ ಕಡೆಗೆ. ಸೊಸೆ ನಗುತ್ತ ತಲೆ ತಗ್ಗಿಸಿ ನಿಂತಿದ್ದಳು. ಪ್ರಿಂಟರು ಓಡಿಸಿದ್ದು ಇವಳು, ಅಪ್ಪನ ಪಕ್ಕದ ಕುರ್ಚಿ ಇವಳದು, ಈಗ ಈ ದೊಡ್ಡತನವೂ ಇವಳದೇ? ಅದೊಂದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ಪಶ್ಚಾತ್ತಾಪದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ; ಅಪ್ಪಟ ಹೊಟ್ಟೆಕಿಚ್ಚಿನಿಂದಲೇ ಅವಳು ಬಾಯಿಬಿಟ್ಟಳು.

"ಅವಳಲ್ಲಪ್ಪ. ನಾನೇ ಮಾಡಿದ್ದು. ಭಾನುವಾರ. ಬೇಕೂಂತಲೇ."

ಅಪ್ಪ ನೆಲದ ಮೇಲೆ ಕೂತು ಕಂದು ಕಾಗದಗಳನ್ನು ಮಡಿಸತೊಡಗಿದ. ನಾಲ್ಕೈದು ಮಡಿಸಿದ ಮೇಲೆ ತಲೆಯೆತ್ತದೆ ಕೇಳಿದ:

"ಪ್ರಿಂಟರ್ ಸರಿಹೋದ ಮೇಲೆ ಮೂರು ತಿಂಗಳು ನೀನು ಬರಲೇ ಇಲ್ಲ. ಏನಾದ್ರೂ ಕೆಟ್ಟಿರಲೇಬೇಕೇನೇ, ನೀನು ಮನೆಗೆ ಬರೋಕೆ?"