ರಂಪಿಗೆ ಒಪ್ಪುವ ಮುಖ

ದಿನಕ್ಕೆ ಹತ್ತು ಸಲ ರಂಪ ಮಾಡುತ್ತಿದ್ದ ನಾಯಿಗೆ ರಂಪಿ ಎಂದು ಹೆಸರಿಟ್ಟವನು ವೆಲ್ಡರನೇ. ಗೇಟು ಮಾಡಿಸಲು ಬಂದವರಿರಲಿ, ಅಂಚೆಯವನಿರಲಿ, ವರ್ಕ್‌ಶಾಪಿನ ಯಜಮಾನನಾದ ಸೋದರಮಾವನೇ ಇರಲಿ, ಒಳಗೆ ಕಾಲಿಟ್ಟರೆ ಹಲ್ಲು ಕಿರಿದು ನಿಲ್ಲುತ್ತಿತ್ತು. ಬೆಳಿಗ್ಗೆ ಬೀಗ ತೆಗೆಯುವ ವೆಲ್ಡರನಿಗೂ ಒಂದು ಗುರ್ ಇದ್ದೇ ಇತ್ತು. ಬೆಳಗಿನ ಸಿಡುಕು, ತನಗೂ ಇರುವಂಥದ್ದೇ ಎಂದುಕೊಂಡು ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಅವನು ಕೆಲಸಕ್ಕೆ ಕೂತಮೇಲೆ ಅದು ಬಂದು ಪಕ್ಕದಲ್ಲೇ ಬಿದ್ದುಕೊಳ್ಳುತ್ತಿತ್ತು.

ಈಗ ಅದಕ್ಕೆ ಐದು ಮರಿ. ಅಪ್ಪ ಯಾರೆಂದು ಬೀದಿಗೆಲ್ಲ ಗೊತ್ತು: ಎದುರಿನ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಮಲಗಿ, ಯಾರಾದರೂ ಬಾಲ ತುಳಿದರೆ ತನ್ನದೇ ತಪ್ಪೆಂಬಂತೆ ಪಕ್ಕಕ್ಕೆ ಹೊರಳುವ ಡೊಳ್ಳುಹೊಟ್ಟೆಯ ಕಂದು ನಾಯಿ. ಆ ಸಾಧುವಿನ ಗುಣ ನೆಚ್ಚಿಕೊಂಡು ಜನ ಮರಿ ಕೇಳಲು ಬಂದರು. ರಂಪಿ ಗುರ್ ಅಂದದ್ದೇ ತಡ, ಐದೂ ತಾಯಿಯ ಮುಖ ನೋಡಿ, ಬಾಲ ಮುದುರಿ, ಕಬ್ಬಿಣದ ರಾಶಿಯ ಹಿಂದೆ ಮಾಯ. ಎಳೆದು ತೆಗೆದರೆ ಗಡಗಡ ನಡುಕ. ಬಂದವರು ಬರಿಗೈಲಿ ವಾಪಸ್.

ಗಿರಾಕಿಗಳು ಹೆದರುತ್ತಿದ್ದಾರೆ, ಶನಿವಾರ ಸಂಜೆ ತಾಯಿ ಮರಿ ಎಲ್ಲವನ್ನೂ ವ್ಯಾನಿಗೆ ಹಾಕಿ ಊರಾಚೆ ಬಿಟ್ಟುಬರುವುದೇ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ.

"ತಾಯಿ ಗುಣ ಅಂಟದೆ ಇರುತ್ತೇನೋ? ನಿನ್ನನ್ನೇ ನೋಡ್ಕೋ. ನಿಮ್ಮಪ್ಪನ ಹಾಗೇ ಮೂಗಿನ ತುದೀಲಿ ಸಿಟ್ಟು."

ವೆಲ್ಡರನಿಗೆ ಮೈಯೆಲ್ಲ ಉರಿದುಹೋಯಿತು. ಶಾಲೆ ಬಿಟ್ಟ ದಿನ ಮೇಷ್ಟರು ಹೇಳಿದ್ದೂ ಇದೇ, ಹೆಣ್ಣು ಕೊಡಲೊಲ್ಲದವರು ಹೇಳಿದ್ದೂ ಇದೇ. ಹುಟ್ಟುವಾಗಲೇ ಹಣೆಗೆ ಚೀಟಿ ಅಂಟಿಸಿ ಕಳಿಸುತ್ತಾರೇನು? ನಿನ್ನೆ ಮೊನ್ನೆ ಕಣ್ಣು ಬಿಟ್ಟ ಮರಿಗಳಿಗೂ ಅದೇ ಚೀಟಿಯೇ? ಕೈಲಿದ್ದ ಸುತ್ತಿಗೆಯನ್ನು ಮೂಲೆಗೆ ಎಸೆದ. ಎಸೆದಮೇಲೆ, ಮಾವನ ಮಾತನ್ನು ತಾನೇ ನಿಜ ಮಾಡಿದೆನಲ್ಲ ಎಂದು ಹೊಳೆದು, ಹೋಗಿ ಎತ್ತಿಕೊಂಡು ಬಂದ.

ಶನಿವಾರ ಮಧ್ಯಾಹ್ನ ಬೇಕರಿಯಕ್ಕ ಒಂದು ಚೀಲ ಬನ್ನು ಹಿಡಿದು ಬಂದಳು. ತನಗೊಂದು, ತಂಗಿಗೊಂದು ಮರಿ ಬೇಕು, ಆದರೆ ಅಂಗಡಿಗೆ ಹತ್ತಾರು ಜನ ಬರುವುದರಿಂದ ಕೈಗೆ ಬರುವ ಮರಿಯೇ ಬೇಕು ಅಂದಳು. ರಂಪಿ ಎದ್ದು ನಿಂತಿತು. ಮರಿಗಳು ಮಾಯ.

"ಯಾಕೋ ತಮ್ಮಾ, ನನ್ನ ಮುಖ ಅಷ್ಟು ಕೆಟ್ಟದಾಗಿದ್ಯಾ?"

ಎಲ್ಲ ಹಾಳಾಗಿ ಹೋಗಲಿ ಎಂದು ವೆಲ್ಡರ ಅರ್ಧ ಮಾಡಿದ್ದ ಕಿಟಕಿಯ ಮುಂದೆ ಕೂತು ವೆಲ್ಡಿಂಗ್ ಮುಖವಾಡ ಎಳೆದುಕೊಂಡ. ಕಪ್ಪು ಗಾಜಿನಾಚೆ ಏನೂ ಕಾಣಲಿಲ್ಲ. ಆದರೆ ಬೂಟಿನ ಮೇಲೆ ಟಪ್ ಟಪ್ ಎಂದು ಏನೋ ಬಡಿಯಿತು. ರಂಪಿಯ ಬಾಲ.

ಮುಖವಾಡ ಎತ್ತಿದ. ಬಾಲ ನಿಂತಿತು. ಇಳಿಸಿದ. ಟಪ್ ಟಪ್.

ಎರಡು ವರ್ಷದ ಹಿಂದೆ ಕುಂಟುತ್ತ ಬಂದ ನಾಯಿಗೆ, ಬೆಸುಗೆ ಅರ್ಧಕ್ಕೆ ನಿಂತೀತೆಂದು ಮುಖವಾಡ ಕೂಡ ತೆಗೆಯದೆ, ಅವನು ಬನ್ನು ಚಾಚಿದ್ದ. ಬರಿ ಮುಖದವರೆಲ್ಲ ಕಲ್ಲು ಹೊಡೆದವರು. ಅನ್ನ ಹಾಕಿದ್ದು ಈ ಮುಖ. ಇದನ್ನು ಎರಡು ವರ್ಷ ಬೆಳಗಿನ ಸಿಡುಕು ಅಂದುಕೊಂಡಿದ್ದನಲ್ಲ!

ಈಗ ತಾನೇ ತಲೆ ಬಾಚಿಕೊಂಡು ಬಂದೆನೆಂದು ಬೇಕರಿಯಕ್ಕ ಗೊಣಗಿದರೂ ಬಿಡದೆ, ಅವಳಿಗೇ ಮುಖವಾಡ ಹಾಕಿ, ಕೈಗೆ ಬನ್ನು ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದ. ರಂಪಿ ಮೂಸಿತು, ತಿಂದಿತು, ಅವಳ ಮಂಡಿಯ ಮೇಲೆ ಗದ್ದ ಇಟ್ಟಿತು. ಕಬ್ಬಿಣದ ರಾಶಿಯ ಹಿಂದಿನಿಂದ ಐದು ಮೂಗು ಇಣುಕಿದವು. ಅಮ್ಮನ ಬಾಲ ನೋಡಿದವು. ಆಮೇಲೆ ಒಂದರ ಮೇಲೊಂದು ಬಿದ್ದು ಓಡಿ ಬಂದವು.

ಮುಖವಾಡವನ್ನು ಮೆಲ್ಲಗೆ ಎತ್ತುತ್ತ ಹೋದ: ಗದ್ದ ಕಂಡಾಗ ಒಂದು ತುಂಡು ಬನ್ನು, ಬಾಯಿ ಕಂಡಾಗ ಇನ್ನೊಂದು. ಮೂಗು ಕಂಡಾಗ ರಂಪಿ ಗುರ್ ಅನ್ನಲು ಹೊರಟು, ಬಾಯಲ್ಲಿ ಬನ್ನಿದ್ದುದರಿಂದ ಸುಮ್ಮನಾಯಿತು. ಮರಿಗಳು ಅಷ್ಟರಲ್ಲಿ ಅವಳ ಚೀಲ ಹರಿಯುತ್ತಿದ್ದವು.

ಸಂಜೆ ವ್ಯಾನು ತಂದ ಮಾವನಿಗೂ ಅದೇ ಗತಿ. ಮುಖವಾಡ ತೊಟ್ಟು ಕೂತದ್ದೇ, ಎಲ್ಲಕ್ಕಿಂತ ಪುಟ್ಟ ಮರಿ ಅವನ ತೊಡೆ ಹತ್ತಿ ನಿದ್ದೆಹೋಯಿತು. ಮಾವ ಒಂದು ಬೆರಳಿನಿಂದ ಅದರ ಕಿವಿ ಸವರಿದ.

"ಲೋ," ಅಂದ ಮುಖವಾಡದೊಳಗಿನಿಂದ. "ನಿನಗೂ ಚಿಕ್ಕಂದಿನಲ್ಲಿ ಯಾರಾದ್ರೂ ಬನ್ನು ಕೊಟ್ಟಿದ್ರೆ ಆಗ್ತಿತ್ತೇನೋ."

"ಈಗ್ಲೂ ಕೊಡಬಹುದು ಮಾವ."

ಬೇಕರಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವ ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಅಳಿಯನತ್ತ ಚಾಚಿದ.

"ಹೋಗು, ಎಲ್ಲರಿಗೂ ಬನ್ನು ತಗೊಂಡು ಬಾ. ನಾನು ಏಳೋ ಹಾಗಿಲ್ಲ. ಇದು ನನ್ನ ಪ್ಯಾಂಟು ಒದ್ದೆ ಮಾಡಿದೆ, ಎದ್ದರೆ ಎಚ್ಚರ ಆಗಿಬಿಡುತ್ತೆ."