ಕೊಟ್ಟ ಆನೆ

ಆನೇಮಹಲ್‌ನ ಹೆದ್ದಾರಿ ಪಕ್ಕದಲ್ಲಿರುವ ಬಾಬಾಜಾನ್ ಮಾಮನ ಲಾರಿ ಶೆಡ್ಡಿನಲ್ಲಿ ಚೆಸ್‌ಗೆ ಒಂದು ನಿಯಮ ಹೆಚ್ಚಿಗೆ ಇದೆ. ಎದುರಾಳಿ ಬಲಿಕೊಟ್ಟ ಕಾಯಿಯನ್ನು ಹೊಡೆಯಲೇಬೇಕು. ಬೇಡ ಎಂದವನು ಹೇಡಿ; ಆಟ ಮುಗಿದ ಮೇಲೆ ಅವನೇ ಎಲ್ಲರಿಗೂ ಚಾ ಮಾಡಿ, ಲೋಟ ತೊಳೆಯಬೇಕು. "ಆಟ ಅಂದ್ಮೇಲೆ ನೋಡೋಕೆ ಚೆಂದ ಇರ್ಬೇಕು ಕಣಮ್ಮ ಆತಿಕಾ" ಎನ್ನುತ್ತಲೇ ಮಾಮ ನನಗೂ ಯೋಗಾನಂದನಿಗೂ ಆಟ ಕಲಿಸಿದರು.

ಆ ಭಾನುವಾರ ಸಕಲೇಶಪುರದ ಶಾಲೆಯೊಂದರಲ್ಲಿ ಫೈನಲ್‌ಗೆ ಎದುರುಬದುರು ಕೂತವರೂ ನಾವಿಬ್ಬರೇ. ಗೆದ್ದವರಿಗೆ ಹತ್ತೊಂಬತ್ತರೊಳಗಿನವರ ಜಿಲ್ಲಾ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗ. ಯೋಗಾನಂದನಿಗೆ ಹದಿನಾರು, ಇನ್ನೂ ಅವಕಾಶವಿದೆ. ನನಗೆ ಇದೇ ಕೊನೆಯ ವರ್ಷ. ಆರು ವರ್ಷ ಕಾದಿದ್ದೆ, ಬಿಟ್ಟುಕೊಡುವ ಮಾತೇ ಇರಲಿಲ್ಲ.

ಮೊದಲು ಕುದುರೆ ಕೊಟ್ಟೆ. ಹಿಂದೆಮುಂದೆ ನೋಡದೆ ಹೊಡೆದ. ಎಷ್ಟಾದರೂ ಶೆಡ್ಡಿನ ಹುಡುಗ! ಆಮೇಲೆ ಆನೆಯನ್ನು ಎತ್ತಿ ಸೀದಾ ಅವನ ರಾಜನ ಮುಂದಿಟ್ಟು ಚೆಕ್ ಕೊಟ್ಟೆ. ಸುತ್ತ ನಿಂತವರು ಬೋರ್ಡಿನತ್ತ ಬಗ್ಗಿದರು. ರಾಜ ಆ ಆನೆಯನ್ನು ಹೊಡೆದರೆ ನನ್ನ ಮಂತ್ರಿ, ಒಂಟೆ ಎರಡೂ ನುಗ್ಗಿ ನಾಲ್ಕೇ ನಡೆಯಲ್ಲಿ ಕಥೆ ಮುಗಿಸುತ್ತವೆ. ಎಂಥ ಚೆಂದದ ದಾಳಿ! ಆದರೆ ಅದರಲ್ಲೊಂದು ತೂತಿತ್ತು, ನನಗೂ ಗೊತ್ತಿತ್ತು. ರಾಜ ಆನೆಯನ್ನು ಮುಟ್ಟದೆ ಮೂಲೆಗೆ ಸರಿದರೆ ನನ್ನ ಹತ್ತಿರ ಮುಂದೇನೂ ಇಲ್ಲ. ಇಲ್ಲಿ ಶೆಡ್ಡಿನ ನಿಯಮ ಇಲ್ಲದಿದ್ದರೂ ಅವನು ಸರಿಯುವುದಿಲ್ಲ ಎಂದೇ ಆನೆ ಇಟ್ಟಿದ್ದೆ.

ಐದು ನಿಮಿಷವಾಯಿತು. ಅವನ ಕೈ ಆನೆಯ ಮೇಲೆ ಬಂದು, ಮುಟ್ಟದೆ ನಿಂತಿತು. ಹೊಡಿ ಮಾರಾಯ, ಹೊಡಿ! ಬಾಗಿಲ ಬಳಿ ನಿಂತಿದ್ದ ಮಾಮನ ಕಡೆ ಅವನು ಒಮ್ಮೆ ನೋಡಿದ. ಕಿವಿ ಕೆಂಪಾಗಿತ್ತು. ಕೈ ಹಿಂದೆ ಹೋಯಿತು, ರಾಜನನ್ನು ಮೂಲೆಗೆ ಸರಿಸಿದ.

"ಹೇಡಿ" ಎಂದೆ, ಅವನಿಗೆ ಮಾತ್ರ ಕೇಳುವಷ್ಟು ಮೆತ್ತಗೆ. ಮುಂದಿನ ಹತ್ತು ನಡೆಯಲ್ಲಿ ನಾನು ಸೋತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಶೆಡ್ಡಿನಲ್ಲಿ ಯಾರೂ ಹೇಳದೆಯೇ ಯೋಗಾನಂದ ಚಾ ಕೆಟಲ್‌ಗೆ ಕೈ ಹಾಕಿದ. "ಬೇಡ ಅಂದೋನು ನಾನು ಮಾಮ. ನಾನೇ ಮಾಡ್ತೀನಿ."

ಮಾಮ ಅದನ್ನು ಕಸಿದುಕೊಂಡರು. "ಬುಡೋ, ನೀನು ಸರಿಯಾಗೇ ಆಡ್ದೆ. ಕೊಟ್ಟಿದ್ದನ್ನ ಎಲ್ರೂ ಹೊಡ್ದೇ ಹೊಡೀತಾರೆ ಅಂತ ಈ ಹುಡ್ಗಿಗೆ ಕಲಿಸ್ಬುಟ್ಟೋನು ನಾನು. ಇವಳ ಕೊನೇ ವರ್ಷ ಹಾಳಾಗೋಯ್ತು. ತಪ್ಪು ನಂದೈತೆ ಕಣೋ."

ಎಪ್ಪತ್ತರ ಮುದುಕ ನಮ್ಮ ಕಣ್ಣೆದುರಿಗೇ ಬಗ್ಗಿ ಒಂದೊಂದೇ ಲೋಟ ತೊಳೆದರು. ದಾರಿಯುದ್ದಕ್ಕೂ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ, ನನಗೆ ನಾಚಿಕೆಯಾಯಿತು, ಅಳು ಬಂತು. ಮಾಮ ತಾವೇ ಚಾ ಮಾಡಿ, ಮೊದಲ ಲೋಟ ಯೋಗಾನಂದನಿಗೆ ಕೊಟ್ಟು, ಎರಡನೆಯದನ್ನು ನನ್ನ ಮುಂದೆ ಹಿಡಿದರು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ನಮ್ಮ ಶೆಡ್ಡಿನಲ್ಲಿ ಕೊಟ್ಟಿದ್ದನ್ನು ಬೇಡ ಎನ್ನುವಂತಿಲ್ಲ.

ತೆಗೆದುಕೊಂಡೆ.